ಗಡಿಯೂರಿನ ಫುಟ್‌ಬಾಲ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ನನ್ನ ಗುರುಗಳು ಫೋನಿನಲ್ಲಿ ಹೇಳಿದಾಗ, ನಾನು ಕಂಪ್ಯೂಟರಿನ ಬಗ್ಗೆ ಏನಾದರೂ ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಬಿ.ಇ. ಮುಗಿಸಿ ಬೆಂಗಳೂರು ಸೇರಿದಂದಿನಿಂದ ಅದೇ ಕೆಲಸ ಮಾಡುತ್ತಿರುವವನು ನಾನು. ಆದರೆ ಕಂಪ್ಯೂಟರಿನ ವಿಷಯವನ್ನು ಇಂದಿನ ಎಂಟನೆಯ ಇಯತ್ತೆಯ ಮಕ್ಕಳೇ ನನಗೆ ಹೇಳಿಕೊಡಬಲ್ಲರು. ನಾನು ಬರೆಯಲು ಹೊರಟಿರುವುದು ಫುಟ್‌ಬಾಲಿನ ಚರಿತ್ರೆ. ಅದೂ ಪೂರ್ತಿಯಲ್ಲ, ಬೇರೆ ಬೇರೆ ಮಾತಿನ ಜನ ಒಂದೇ ಚೆಂಡಿನ ಹಿಂದೆ ಓಡಿದಾಗ ಏನಾಗಿದೆ ಎಂಬಷ್ಟರ ಚರಿತ್ರೆ. ಗಡಿಯಲ್ಲಿರುವ ಊರಿನವರಿಗೆ ಇದು ಬರಿಯ ಆಟದ ವಿಷಯವಲ್ಲ.

ಮಚ್ಛೆಯಲ್ಲಿ ಎಷ್ಟು ಮಾತುಗಳಿವೆ ಎಂದು ಊರವರಿಗೆ ನಾನು ಹೇಳಬೇಕಾಗಿಲ್ಲ. ಹೊರಗೆ ನೆಲೆಸಿದ ಹಳೆಯ ವಿದ್ಯಾರ್ಥಿಗಳ ಮಕ್ಕಳು ಓದಿದರೆ ತಿಳಿಯಲೆಂದು ಎರಡು ಸಾಲು ಬರೆಯುತ್ತೇನೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಮೇಲಿನ ಊರು ನಮ್ಮದು. ಕನ್ನಡ, ಮರಾಠಿ ಎರಡೂ ಮನೆಮಾತು, ಉರ್ದು ಆಡುವವರಿದ್ದಾರೆ, ಖಾನಾಪುರದ ಕಡೆಯಿಂದ ಬಂದ ಕೊಂಕಣಿ ಮನೆಗಳೂ ಉಂಟು. ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಹಿಂದಿ ಬಂತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ನಮ್ಮೂರಲ್ಲೇ ನೆಲೆ ನಿಂತ ಮೇಲೆ ರಾಜ್ಯದ ಎಲ್ಲ ಕಡೆಯ ಕನ್ನಡವೂ ಬಂತು. (ನಾನು ಓದಿದ್ದು ಹುಬ್ಬಳ್ಳಿಯಲ್ಲಿ. ಆದರೆ ಪದವಿ ಪತ್ರ ಹೋದದ್ದು ನಮ್ಮೂರಿನಿಂದಲೇ! ಈ ಮಾತು ಹೇಳಿ ಸಹಪಾಠಿಗಳ ಮುಂದೆ ನಾನು ಸಾಕಷ್ಟು ಮೆರೆದಿದ್ದೇನೆ.) 1956ರ ರಾಜ್ಯ ಪುನರ್ವಿಂಗಡಣೆ, 1966ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಮಹಾಜನ ಆಯೋಗ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ, ಇವೆಲ್ಲ ನಮ್ಮಲ್ಲಿ ಪಠ್ಯಪುಸ್ತಕದ ಸಂಗತಿಗಳಲ್ಲ. ನವೆಂಬರ್ ಒಂದನೆಯ ತಾರೀಖು ಒಂದೇ ಓಣಿಯಲ್ಲಿ ಒಂದು ಮನೆಗೆ ಹಬ್ಬ, ಇನ್ನೊಂದು ಮನೆಗೆ ಕರಾಳ ದಿನ. ಕನ್ನಡ ಪ್ರಾಥಮಿಕ ಶಾಲೆ ಬೇರೆ, ಮರಾಠಿ ಪ್ರಾಥಮಿಕ ಶಾಲೆ ಬೇರೆ. ಏಳು ವರ್ಷ ಬೇರೆ ಬೇರೆ ಪುಸ್ತಕ ಓದಿದ ಹುಡುಗರು ಒಟ್ಟಿಗೆ ಸೇರುತ್ತಿದ್ದುದು ಮೈದಾನದಲ್ಲಿ ಮಾತ್ರ.

ನಮ್ಮ ಕಾಲದ ಪಿ.ಟಿ. ಸರ್ ವಿಜಯಪುರದ ಕಡೆಯವರು. ಅವರಿಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಮೈದಾನದಲ್ಲಿ ಒಬ್ಬ 'ಕೊಡಲೇ' ಎನ್ನುವನು, ಇನ್ನೊಬ್ಬ 'ದೇ ರೇ' ಎನ್ನುವನು. ಜಗಳವಾದರೆ ಕನ್ನಡದ ಹುಡುಗರು ಒಂದು ಕಡೆ, ಮರಾಠಿಯವರು ಒಂದು ಕಡೆ ಆಗುತ್ತಿತ್ತು. ಪಾಸ್ ಕೂಡ ಹಾಗೆಯೇ: ತನ್ನ ಮಾತಿನವನಿಗೇ ಚೆಂಡು. ಸರ್ ಒಂದು ವಾರ ಸುಮ್ಮನೆ ನೋಡಿ, ಒಂದು ನಿಯಮ ಮಾಡಿದರು. ಆಟದಲ್ಲಿ ಯಾರೂ ಯಾವ ಭಾಷೆಯನ್ನೂ ಆಡಬಾರದು. ಚೆಂಡು ಬೇಕಾದವನು ಚೆಂಡಿರುವವನ ಹೆಸರು ಹಿಡಿದು ಕೂಗಬೇಕು. ಅಷ್ಟೇ. ಹೆಸರಿಗೆ ಅನುವಾದವಿಲ್ಲವಲ್ಲ! ಬಾಯಿ ತಪ್ಪಿ ಬೇರೆ ಮಾತಾಡಿದವನು ಮೈದಾನಕ್ಕೆ ಒಂದು ಸುತ್ತು ಓಡಬೇಕಿತ್ತು. ಮೊದಲ ದಿನ ಆಡಿದ್ದಕ್ಕಿಂತ ಸುತ್ತು ಓಡಿದ್ದೇ ಹೆಚ್ಚು. ಆದರೆ ಹೆಸರು ಕೂಗಬೇಕೆಂದರೆ ಹೆಸರು ಗೊತ್ತಿರಬೇಕು. ಅದುವರೆಗೆ ನಾವು ಒಬ್ಬರನ್ನೊಬ್ಬರು ಓಣಿಯ ಹೆಸರಿನಿಂದಲೋ ಅಡ್ಡಹೆಸರಿನಿಂದಲೋ ಕರೆಯುತ್ತಿದ್ದೆವು. ಹದಿನೈದು ದಿನದಲ್ಲಿ ಎಲ್ಲರಿಗೂ ಎಲ್ಲರ ಹೆಸರೂ ಬಾಯಿಗೆ ಬಂತು.

ಈ ಆಟ ನಮ್ಮ ಭಾಗಕ್ಕೆ ಬಂದದ್ದು ಪಲ್ಟನ್ನಿನ ಜೊತೆ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿದ ಮೇಲೆ ಇಲ್ಲಿ ದಂಡಿನ ನೆಲೆಯಾಯಿತು. ಇವತ್ತಿಗೂ ನಮ್ಮ ಹಿರಿಯರು ಅದನ್ನು ಕ್ಯಾಂಪು ಎಂದೇ ಕರೆಯುವುದು. ಗೋರಾ ಸೋಲ್ಜರರಿಗೆ ಸಂಜೆಯ ಹೊತ್ತು ಕಳೆಯಲು ಫುಟ್‌ಬಾಲು ಬೇಕಿತ್ತು. 1888ರಲ್ಲಿ ಶಿಮ್ಲಾದಲ್ಲಿ ಡುರಾಂಡ್ ಕಪ್ ಆರಂಭವಾದದ್ದು, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ ಆರಂಭವಾದದ್ದು ಇಂಥ ಪಲ್ಟನ್‌ಗಳಿಗಾಗಿಯೇ. ನಮ್ಮ ಜನ ಬೇಲಿಯಾಚೆ ನಿಂತು ನೋಡಿ ಕಲಿತರು. ಕ್ಯಾಂಪಿನಲ್ಲೇ 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಹೈಸ್ಕೂಲು ಇದೆ. ಜೆಸ್ವಿಟ್ ಪಾದ್ರಿಗಳು ನಡೆಸಿದ ಆ ಶಾಲೆಯ ಹೆಸರು ಬೆಳಗಾವಿಯಲ್ಲಿ ಫುಟ್‌ಬಾಲಿನ ಜೊತೆಗೇ ಬರುತ್ತದೆ. 1922ರಿಂದ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಬೆಳಗಾವಿಯಲ್ಲಿದೆ. ಘಟ್ಟ ಇಳಿದರೆ ಗೋವಾ. 1961ರ ಡಿಸೆಂಬರ್ 19ರ ತನಕ ಅದು ಪೋರ್ತುಗೀಸರ ಕೈಯಲ್ಲಿತ್ತು. ಇಂಗ್ಲಿಷ್ ಕಲಿಯಲು ಬೆಳಗಾವಿಗೆ ಬರುತ್ತಿದ್ದ ಗೋವಾದ ಹುಡುಗರಿಗೆ ಫುಟ್‌ಬಾಲೆಂದರೆ ನಮಗೆ ಕುಸ್ತಿ ಇದ್ದಂತೆ. ಹೀಗೆ ಕುಸ್ತಿ, ಕಬಡ್ಡಿಗಳ ಈ ನಾಡಿನಲ್ಲಿ ಕಾಲ್ಚೆಂಡು ಬೇರೂರಿತು. ನಮ್ಮೂರ ಹುಡುಗರಿಗೆ ಕ್ಯಾಂಪಿನ ಶಾಲೆಯ ಬೂಟು, ಜರ್ಸಿ ಇರಲಿಲ್ಲ. ಎರಡು ಪಾಟಿಚೀಲ ಇಟ್ಟರೆ ಗೋಲ್ ಆಗುತ್ತಿತ್ತು, ಅದೇ ಸಾಕಾಗಿತ್ತು.

ಬೆಂಗಳೂರಿನ ಕತೆಯೂ ಇದೇ ದಾರಿಯದು, ಆದರೆ ಹೆಚ್ಚು ದೊಡ್ಡದು. ಅಲ್ಲಿಯ ದಂಡಿನ ಪ್ರದೇಶದ ಸುತ್ತಲ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಇವೆಲ್ಲ ದುಡಿಯುವ ಜನರ ಬಡಾವಣೆಗಳು. ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲ ಕೂಡಿದವು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅದರ ಸಂಗಡ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇದ್ದಾರೆ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಭಾನುವಾರ ಅಲ್ಲಿಗೆ ಹೋಗಿ ನೋಡಿ ಬಂದೆ. ಪ್ರತಿಮೆಗಳ ಜಗಳದಲ್ಲೇ ಬೆಳೆದ ನಮ್ಮಂಥವರಿಗೆ, ಬ್ರೆಜಿಲಿನ ಆಟಗಾರನೊಬ್ಬ ಹಲಸೂರಿನ ಹತ್ತಿರ ತಕರಾರಿಲ್ಲದೆ ನಿಂತಿರುವುದು ದೊಡ್ಡ ಅಚ್ಚರಿ.

1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ಎಂಬ ತಂಡ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಎತ್ತಿದ ಮೊದಲ ಭಾರತೀಯ ತಂಡ ಅದೇ. ಮರುವರ್ಷವೂ ಅದೇ ಗೆದ್ದಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನ ಎದುರು ಆಡಿತು. ಆಟ ನಡೆದದ್ದು ಲಂಡನ್ ಸಮೀಪದ ಇಲ್‌ಫರ್ಡ್ ಎಂಬಲ್ಲಿ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ನಾಯಕ ತಾಲಿಮೆರೆನ್ ಆವೊ ನಾಗಾ ಬೆಟ್ಟಗಳಿಂದ ಬಂದವರು. ಭಾರತದ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಹಾಳುಮಾಡಿಕೊಂಡು, ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು 2-1ರಿಂದ ಸೋತೆವು. ಸೋತ ಆಟವೇ ಇರಬಹುದು. ಆದರೆ ಲೆಕ್ಕ ಹಾಕಿ ನೋಡಿ: ನಾಗಾ ನಾಯಕ, ಬಂಗಾಳದ ಆಟಗಾರರು, ಮೈಸೂರು ಸಂಸ್ಥಾನದಿಂದ ರಾಮನ್, ವರದರಾಜ್, ಧನರಾಜ್, ಬಷೀರ್, ಅಹ್ಮದ್ ಖಾನ್. ಸಂವಿಧಾನ ಇನ್ನೂ ಬರೆದು ಮುಗಿದಿರಲಿಲ್ಲ, ಭಾಷಾವಾರು ಪ್ರಾಂತಗಳು ಹುಟ್ಟಿರಲಿಲ್ಲ. ಈ ತಂಡ ಆಗಲೇ ಆಡಿ ಬಂದಿತ್ತು.

ಆ ತಂಡದ ಅಹ್ಮದ್ ಖಾನ್ ಮತ್ತು ಧನರಾಜ್ ಮುಂದೆ ಕಲ್ಕತ್ತಕ್ಕೆ ಹೋದರು. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ಅವರು ಸೇರಿದ್ದು ಈಸ್ಟ್ ಬೆಂಗಾಲ್ ಕ್ಲಬ್ಬನ್ನು. 1920ರಲ್ಲಿ ಸ್ಥಾಪನೆಯಾದ ಆ ಕ್ಲಬ್ಬು ಪೂರ್ವ ಬಂಗಾಳದ ಮೂಲದವರದು. 1947ರಲ್ಲಿ ದೇಶ ಒಡೆದ ಮೇಲೆ ಮನೆಮಠ ಬಿಟ್ಟು ಬಂದ ಲಕ್ಷಗಟ್ಟಲೆ ನಿರಾಶ್ರಿತರಿಗೆ ತಮ್ಮದೆನ್ನಲು ಉಳಿದಿದ್ದ ಕೆಲವೇ ವಸ್ತುಗಳಲ್ಲಿ ಆ ಕ್ಲಬ್ಬೂ ಒಂದು. ಊರು ಕಳೆದುಕೊಂಡವರ ಕ್ಲಬ್ಬೆಂದರೆ ಮಾತಿನ ಅಭಿಮಾನ, ನೆಲದ ಅಭಿಮಾನ ಎಷ್ಟಿರಬೇಕು! ಆದರೆ 1949ರಿಂದ ನಾಲ್ಕೈದು ವರ್ಷ ಅದರ ಮುಂಚೂಣಿಯಲ್ಲಿ ಆಡಿದ ಐವರಲ್ಲಿ ಒಬ್ಬನೂ ಬಂಗಾಳಿಯಲ್ಲ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದವರು. 1949, 1950, 1951, ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲಿನದಾಯಿತು. ಬಂಗಾಳದ ಜನ ಆ ಐವರಿಗೆ ಇಟ್ಟ ಹೆಸರು ಪಂಚಪಾಂಡವರು. ಯಾರು ಭೀಮ, ಯಾರು ಅರ್ಜುನ ಎಂದು ಅವರು ಕೇಳಲಿಲ್ಲ. ಐವರಲ್ಲಿ ಇಬ್ಬರು ಮುಸಲ್ಮಾನರೆಂಬುದೂ ಆ ಹೆಸರಿಗೆ ಅಡ್ಡ ಬರಲಿಲ್ಲ. ಹೆಸರು ಹಿಡಿದು ಕೂಗಿ ಎಂದ ನಮ್ಮ ಪಿ.ಟಿ. ಸರ್ ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಆಟಕ್ಕೆ ಭಾಷೆ ಬೇಡ ಎಂದು ಹೇಳುವುದು ಸುಲಭ. ಬೇಡವಾಗುವಂತೆ ಮಾಡಲು ಜನ ಬಹಳ ತಲೆ ಓಡಿಸಿದ್ದಾರೆ. ಹಳದಿ ಕಾರ್ಡು, ಕೆಂಪು ಕಾರ್ಡು ಎಂದು ಇಂದು ರಾಜಕಾರಣಿಗಳೂ ಭಾಷಣದಲ್ಲಿ ಹೇಳುತ್ತಾರೆ. ಆ ಕಾರ್ಡುಗಳು ಹುಟ್ಟಿದ್ದೇ ಭಾಷೆಯ ತೊಡಕಿನಿಂದ. 1966ರ ಜುಲೈ 23ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಇಂಗ್ಲೆಂಡ್ ಮತ್ತು ಅರ್ಜೆಂಟೀನಾ. ರೆಫರಿ ರುಡಾಲ್ಫ್ ಕ್ರೈಟ್‌ಲೈನ್ ಜರ್ಮನಿಯವರು. ಅರ್ಜೆಂಟೀನಾದ ನಾಯಕ ಆಂಟೊನಿಯೊ ರಾಟಿನ್ ಮಾತು ಸ್ಪ್ಯಾನಿಷ್. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ರೆಫರಿ ಹೊರಗೆ ಹೋಗು ಎಂದರು. ರಾಟಿನ್ ದುಭಾಷಿ ಬೇಕೆಂದು ಪಟ್ಟು ಹಿಡಿದು ಅಲ್ಲೇ ನಿಂತ. ಆಟ ಎಷ್ಟೋ ನಿಮಿಷ ನಿಂತುಹೋಯಿತು. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಚಾರ್ಲ್‌ಟನ್ ಸಹೋದರರಿಗೂ ರೆಫರಿ ಎಚ್ಚರಿಕೆ ಬರೆದಿದ್ದರಂತೆ. ಅವರಿಗದು ಗೊತ್ತಾದದ್ದು ಮರುದಿನ ಪೇಪರಿನಲ್ಲಿ.

ಆ ವಿಶ್ವಕಪ್ಪಿನ ರೆಫರಿಗಳ ಮೇಲ್ವಿಚಾರಕ ಕೆನ್ ಆಸ್ಟನ್ ಎಂಬವರು. ಕಾರಿನಲ್ಲಿ ಮನೆಗೆ ಹೋಗುವಾಗ ರಸ್ತೆಯ ಸಿಗ್ನಲ್ ದೀಪ ನೋಡಿ ಅವರಿಗೆ ಹೊಳೆಯಿತು: ಹಳದಿ ಬಂದರೆ ಹುಷಾರು, ಕೆಂಪು ಬಂದರೆ ನಿಲ್ಲು. ಇದಕ್ಕೆ ಯಾವ ದೇಶದಲ್ಲೂ ದುಭಾಷಿ ಬೇಡ. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಕಾರ್ಡುಗಳು ಮೊದಲ ಸಲ ಬಂದವು. ಆ ಸಲ ಯಾರಿಗೂ ಕೆಂಪು ಕಾರ್ಡು ತೋರಿಸುವ ಪ್ರಸಂಗವೇ ಬರಲಿಲ್ಲ. 1974ರಲ್ಲಿ ಚಿಲಿ ದೇಶದ ಕಾರ್ಲೊಸ್ ಕಾಸೆಲಿ ವಿಶ್ವಕಪ್ಪಿನ ಮೊದಲ ಕೆಂಪು ಕಾರ್ಡು ಪಡೆದ. ಶಾಲೆಯ ಸಂಚಿಕೆಯಲ್ಲಿ ಈ ಕತೆ ಹೇಳಲು ನನಗೆ ಇನ್ನೊಂದು ಕಾರಣವಿದೆ. ಕೆನ್ ಆಸ್ಟನ್ ವೃತ್ತಿಯಿಂದ ಶಾಲಾ ಮಾಸ್ತರು, ಮುಂದೆ ಮುಖ್ಯೋಪಾಧ್ಯಾಯರು. ಅವರ ಶಾಲೆ ಇದ್ದದ್ದು ಇಲ್‌ಫರ್ಡಿನಲ್ಲಿ, 1948ರಲ್ಲಿ ನಮ್ಮ ರಾಮನ್ ಗೋಲು ಹೊಡೆದ ಅದೇ ಊರಿನಲ್ಲಿ! ನಾಲ್ಕು ಭಾಷೆಯ ಮಕ್ಕಳಿರುವ ತರಗತಿಗೆ ಹೋಗುವ ನಮ್ಮ ಗುರುಗಳಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಬಾಯಿಂದ ಆಗದ್ದನ್ನು ಬಣ್ಣದಿಂದ, ಕೈಸನ್ನೆಯಿಂದ ಅವರು ದಿನಾ ಮಾಡುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಮೋಸವಾಗುತ್ತದೆ. ಫುಟ್‌ಬಾಲು ಜನರನ್ನು ಒಡೆದದ್ದೂ ಉಂಟು. ಪಂಚಪಾಂಡವರ ಅದೇ ಕಲ್ಕತ್ತದಲ್ಲಿ, 1980ರ ಆಗಸ್ಟ್ 16ರಂದು, ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಪಂದ್ಯದ ಗಲಾಟೆಯಲ್ಲಿ 16 ಜನ ನೋಡುಗರು ಸತ್ತರು. 1969ರಲ್ಲಿ ಎಲ್ ಸಾಲ್ವಡೋರ್ ಮತ್ತು ಹೊಂಡುರಾಸ್ ದೇಶಗಳ ನಡುವೆ ನಡೆದ ಕದನಕ್ಕೆ ಫುಟ್‌ಬಾಲ್ ಯುದ್ಧವೆಂದೇ ಹೆಸರು. ಅಲ್ಲಿಯ ನಿಜವಾದ ಜಗಳ ಭೂಮಿಯದು, ವಲಸೆಗಾರರದು. ಪಂದ್ಯ ಬರಿ ಕಡ್ಡಿ ಗೀರಿತು, ಅಷ್ಟೇ. ಇದರ ಎದುರಿಗೆ ಐವರಿ ಕೋಸ್ಟ್ ದೇಶದ ಡಿಡಿಯೆ ಡ್ರೋಗ್ಬಾನ ಕತೆಯನ್ನು ಹೇಳುವುದು ವಾಡಿಕೆ. 2005ರ ಅಕ್ಟೋಬರಿನಲ್ಲಿ ವಿಶ್ವಕಪ್ಪಿಗೆ ಅರ್ಹತೆ ಸಿಕ್ಕ ದಿನ ಆತ ತಂಡದವರೊಂದಿಗೆ ಟಿ.ವಿ. ಕ್ಯಾಮೆರಾದ ಮುಂದೆ ಮಂಡಿಯೂರಿ, ಒಳಜಗಳದಲ್ಲಿದ್ದ ತನ್ನ ದೇಶದವರಿಗೆ ಕೋವಿ ಕೆಳಗಿಡಿ ಎಂದು ಬೇಡಿಕೊಂಡ. 2007ರ ಜೂನ್‌ನಲ್ಲಿ ಬಂಡುಕೋರರ ನೆಲೆಯಾಗಿದ್ದ ಬುವಾಕೆ ನಗರದಲ್ಲೇ ರಾಷ್ಟ್ರೀಯ ತಂಡ ಆಡಿತು. ಕತೆ ನಿಜ. ಆದರೆ 2010ರ ಕೊನೆಗೆ ಆ ದೇಶದಲ್ಲಿ ಮತ್ತೆ ಗುಂಡು ಹಾರಿದ್ದೂ ನಿಜ. ಆಟ ಜಗಳವನ್ನು ಬಗೆಹರಿಸುತ್ತದೆ ಎಂದು ನಾನು ನಂಬುವುದಿಲ್ಲ. ಜಗಳದ ಮಧ್ಯದಲ್ಲೂ ಹೆಸರು ಕೂಗುವಷ್ಟು ಪರಿಚಯ ಉಳಿಸುತ್ತದೆ, ಅಷ್ಟನ್ನು ನಂಬುತ್ತೇನೆ.

ಅದನ್ನು ನಾನು ಕಂಡದ್ದು 2022ರ ಡಿಸೆಂಬರಿನಲ್ಲಿ. ಮನೆಯಿಂದಲೇ ಕೆಲಸ ಮಾಡುತ್ತ ಊರಲ್ಲಿದ್ದೆ. ಕತಾರಿನಲ್ಲಿ ವಿಶ್ವಕಪ್, ಇಲ್ಲಿ ಗಡಿ ಗಲಾಟೆ. ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಬಣ್ಣ ಬಳಿದರು. ಅಂದು ಸಂಜೆ ಅವ್ವ ಹೊರಗೆ ಹೋಗಬೇಡ ಎಂದಳು. ಎಂಟೂವರೆಗೆ ಮೊರಾಕ್ಕೊ ಮತ್ತು ಸ್ಪೇನ್ ಪಂದ್ಯ. ಹಳೆಯ ತಂಡದ ಗೋಲಕೀಪರನ ಮನೆ ಹಿಂದಿನ ಓಣಿಯಲ್ಲಿ. ಅವನ ಮನೆಮಾತು ಮರಾಠಿ, ಅವನ ಕಾಕಾ ಆ ದಿನಗಳಲ್ಲಿ ಮೋರ್ಚಾದ ಸಿದ್ಧತೆಯಲ್ಲಿದ್ದವರು. ಅವನದೇ ಫೋನ್ ಬಂತು: 'ಬರ್ತೀಯೋ ಇಲ್ವೋ? ಟಿ.ವಿ. ದೊಡ್ಡದ ತಂದೀನಿ.' ಹೋದೆ. ನಮ್ಮ ಹಳೆಯ ತಂಡದ ಆರು ಜನ ಇದ್ದರು. ಕಾಕಾ ಒಳಗಿನ ಕೋಣೆಯಲ್ಲಿ ಯಾರ ಜೊತೆಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ನಾವು ಕೇಳದವರಂತೆ ಕೂತೆವು. ಸ್ವಲ್ಪ ಹೊತ್ತಿಗೆ ಅವರೂ ಬಂದು ಬಾಗಿಲಲ್ಲಿ ನಿಂತರು, ಆಮೇಲೆ ಕುರ್ಚಿ ಎಳೆದುಕೊಂಡರು.

ಅಂದಿನ ಮೊರಾಕ್ಕೊ ತಂಡದ ವಿಷಯ ಹೇಳಬೇಕು. 26 ಆಟಗಾರರಲ್ಲಿ 14 ಮಂದಿ ಹುಟ್ಟಿದ್ದು ಮೊರಾಕ್ಕೊದ ಹೊರಗೆ. ದುಡಿಮೆಗೆಂದು ಯುರೋಪಿಗೆ ಹೋದವರ ಮಕ್ಕಳು. ಒಬ್ಬನಿಗೆ ಫ್ರೆಂಚ್, ಒಬ್ಬನಿಗೆ ಡಚ್, ಒಬ್ಬನಿಗೆ ಸ್ಪ್ಯಾನಿಷ್, ಜೊತೆಗೆ ಅರಬ್ಬಿ, ಬರ್ಬರ್ ಮಾತುಗಳು. ಕೋಚ್ ವಾಲಿದ್ ರೆಗ್ರಾಗುಯಿ ಹುಟ್ಟಿದ್ದು ಫ್ರಾನ್ಸಿನಲ್ಲಿ. ಆಟ ಗೋಲಿಲ್ಲದೆ ಮುಗಿದು ಪೆನಾಲ್ಟಿಗೆ ಬಂತು. ಕೊನೆಯದನ್ನು ಹೊಡೆಯಲು ಬಂದ ಅಶ್ರಫ್ ಹಕೀಮಿ ಸ್ಪೇನಿನ ಮ್ಯಾಡ್ರಿಡ್ಡಿನಲ್ಲೇ ಹುಟ್ಟಿದವನು. ಹುಟ್ಟಿದ ದೇಶದ ಎದುರು, ಚೆಂಡನ್ನು ಮೆಲ್ಲಗೆ ಎತ್ತಿ ನಡುವೆ ಹಾಕಿದ. ಮೊರಾಕ್ಕೊ ಗೆದ್ದಿತು, ಆ ಸಲ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕಾದ ತಂಡವಾಯಿತು. ಹಕೀಮಿ ಯಾವ ಕಡೆಯವನು ಎಂದು ನಮ್ಮಲ್ಲಿ ಚರ್ಚೆ ಎದ್ದಿತು. ಕಾಕಾ ಹೇಳಿದರು, ಅವರ ಕನ್ನಡದಲ್ಲೇ: 'ಅವನ ಅವ್ವ ಎಲ್ಲಿ ಉಣ್ಣಾಕ ಹಾಕಿದಳೋ ಅಲ್ಲಿಯವನು.' ಇದನ್ನು ಕೇಳಿ ಯಾರೂ ಏನೂ ಅನ್ನಲಿಲ್ಲ. ಡಿಸೆಂಬರ್ 18ರ ಫೈನಲ್ಲಿಗೂ ಅದೇ ಮನೆ. ಮರುದಿನ ಬೆಳಿಗ್ಗೆ ಸುವರ್ಣಸೌಧದಲ್ಲಿ ಅಧಿವೇಶನ, ಊರ ತುಂಬ ಪೊಲೀಸರು. ಕಾಕಾ ತಮ್ಮ ಮೋರ್ಚಾಕ್ಕೆ ಹೋದರು. ನಾನು ಲ್ಯಾಪ್‌ಟಾಪ್ ತೆರೆದೆ. ಗಡಿಯ ಬಗ್ಗೆ ಅವರ ಅಭಿಪ್ರಾಯವೂ ಬದಲಾಗಲಿಲ್ಲ, ನನ್ನದೂ ಬದಲಾಗಲಿಲ್ಲ. ಈಗಲೂ ಅವರು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಮೊದಲು ಫುಟ್‌ಬಾಲಿನ ಸುದ್ದಿ ತೆಗೆಯುತ್ತಾರೆ.

ಅದಾಗಿ ಮೂರು ತಿಂಗಳೂ ಆಗಿರಲಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯದ ಎದುರು 3-2. 54 ವರ್ಷದ ಮೇಲೆ ಬಂದ ಕಪ್. ಹಿಂದಿನ ನಾಲ್ಕನ್ನೂ ಗೆದ್ದಾಗ ನಮ್ಮ ತಂಡದ ಹೆಸರು ಮೈಸೂರು ಎಂದಿತ್ತು. ಕರ್ನಾಟಕ ಎಂಬ ಹೆಸರಿನಲ್ಲಿ ಇದೇ ಮೊದಲು. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್. ಈ ಮೂರು ಹೆಸರನ್ನು ಮತ್ತೊಮ್ಮೆ ಓದಿ. ಕರ್ನಾಟಕದ ಕೀರ್ತಿ ಎಂದು ಮರುದಿನ ನಾವೆಲ್ಲ ಫೋನಿನಲ್ಲಿ ಹಂಚಿಕೊಂಡದ್ದು ಇವರ ಗೋಲುಗಳನ್ನು.

ಇನ್ನು ನಮ್ಮ ಮೈದಾನ. ನಾನು ಶಾಲೆ ಬಿಟ್ಟಾಗ ಮಚ್ಛೆಯಲ್ಲಿ ಆಡಲು ಬಯಲು ಬೇಕಾದಷ್ಟಿತ್ತು. ಈಗ ಒಂದೊಂದೇ ಲೇಔಟ್ ಆಗಿ ಕಲ್ಲು ನೆಟ್ಟಿದ್ದಾರೆ. ಕನ್ನಡ, ಮರಾಠಿ, ಉರ್ದು ಮಕ್ಕಳು ಫೀ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಕೂಡಿ ಆಡಲು ಉಳಿದಿರುವುದು ಶಾಲೆಯ ಬಯಲು ಒಂದೇ. ಮಹೋತ್ಸವದ ನೆನಪಿಗೆ ಹೊಸ ಕೊಠಡಿ, ರಂಗಮಂಟಪ ಕಟ್ಟಿಸುವ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಕಟ್ಟಲಿ, ನನ್ನ ಪಾಲಿನ ಹಣವನ್ನೂ ಕೊಡುತ್ತೇನೆ. ಫುಟ್‌ಬಾಲಿನ ಮೊದಲನೆಯ ನಿಯಮದಂತೆ ಮೈದಾನ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಇರಬೇಕು. ಮಕ್ಕಳ ಆಟಕ್ಕೆ ಇದಕ್ಕಿಂತ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಪಾಯದ ಗುರುತು ಹಾಕುವ ಮೊದಲು ಆ ಅಳತೆಯನ್ನು ಸುಣ್ಣದಲ್ಲಿ ಎಳೆದು, ಉಳಿದ ಜಾಗದಲ್ಲಿ ಕಟ್ಟಡ ಎಲ್ಲಿ ಕೂರುತ್ತದೆ ನೋಡೋಣ. ಟೇಪು ಹಿಡಿಯಲು ನಾನು ರಜೆ ಹಾಕಿ ಬರುತ್ತೇನೆ. ಇನ್ನೊಂದು ತುದಿ ಹಿಡಿಯಲು ಗೋಲಕೀಪರ್ ಒಪ್ಪಿದ್ದಾನೆ. ಕಂಬಗಳಿಗೆ ಪೈಪು ಉದ್ಯಮಬಾಗದಲ್ಲಿ ಅವನೇ ಕೊಯ್ಯಿಸಿ ಇಟ್ಟಿದ್ದಾನೆ.